ಬಳಿ ತಾಯಿಯದು, ಜೀನ್ ಇಬ್ಬರದ್ದು: ಹೃದಯದ ಜೀನೋಮ್ ಲ್ಯಾಬಿನೊಳಗೆ ಯಾರು ಏನು ಮಾಡುತ್ತಾರೆ

2025ರ ಜೂನ್, ಜುಲೈಯಲ್ಲಿ ಹಾಸನ ಜಿಲ್ಲೆಯಿಂದ ಒಂದರ ಹಿಂದೆ ಒಂದರಂತೆ ಹೃದಯಾಘಾತದ ಸಾವಿನ ಸುದ್ದಿಗಳು ಬಂದವು. ಮೈಸೂರು, ಬೆಂಗಳೂರಿನ ಜಯದೇವ ಆಸ್ಪತ್ರೆಗಳಲ್ಲಿ ತಪಾಸಣೆಗೆ ಜನ ಸಾಲುಗಟ್ಟಿ ನಿಂತರು. ಘಟ್ಟ ಇಳಿದು ಮಂಗಳೂರು, ಉಡುಪಿಗೂ ಆ ಆತಂಕ ಬಂತು. ಮನೆಯಲ್ಲಿ ಈ ಮೊದಲೇ ಎಳೆಯ ವಯಸ್ಸಿನ ಸಾವು ಕಂಡವರು ಕೇಳುವ ಪ್ರಶ್ನೆ ಒಂದೇ: "ಡಾಕ್ಟ್ರೇ, ನಮ್ಮ ಕುಟುಂಬದಲ್ಲಿ ಇಬ್ಬರು ಹೀಗೇ ಹೋದದ್ದು. ಜೀನ್ ಟೆಸ್ಟ್ ಮಾಡಿಸಿದರೆ ಗೊತ್ತಾಗ್ತದಾ?"

ಕೆಲವೊಮ್ಮೆ ಗೊತ್ತಾಗುತ್ತದೆ, ಹಲವು ಸಲ ಆಗುವುದಿಲ್ಲ. ಯಾವಾಗ ಆಗುತ್ತದೆ, ಏಕೆ ಆಗುವುದಿಲ್ಲ ಎಂಬುದು ತಿಳಿಯಬೇಕಾದರೆ ಹೃದ್ರೋಗವನ್ನು ಜೀನೋಮ್ ಮೂಲಕ ಅಧ್ಯಯನ ಮಾಡುವ ಲ್ಯಾಬಿನಲ್ಲಿ ಒಂದು ರಕ್ತದ ಟ್ಯೂಬು ಯಾರ ಯಾರ ಕೈ ದಾಟುತ್ತದೆ ಎಂದು ನೋಡಬೇಕು. ಯಂತ್ರ ಎಷ್ಟೇ ದೊಡ್ಡದಿರಲಿ, ತಪ್ಪು ಹೆಚ್ಚಾಗಿ ನುಸುಳುವುದು ಯಂತ್ರದ ಹಿಂದಿನ ಮತ್ತು ಮುಂದಿನ ಕೈಗಳಲ್ಲಿ.

ಅಕ್ಷರ, ಜೀನ್, ಜೀನೋಮ್

ನಮ್ಮ ಹೆಚ್ಚುಕಡಿಮೆ ಪ್ರತಿ ಕೋಶದ ಕೇಂದ್ರದಲ್ಲಿರುವ ಡಿಎನ್‌ಎ ನಾಲ್ಕೇ ಅಕ್ಷರಗಳಲ್ಲಿ ಬರೆದ ಉದ್ದನೆಯ ಬರಹ. ಒಂದು ಪೂರ್ಣ ಪ್ರತಿಯಲ್ಲಿ ಸುಮಾರು 320 ಕೋಟಿ ಅಕ್ಷರಗಳಿವೆ. ಪುಟಕ್ಕೆ 3,000 ಅಕ್ಷರದಂತೆ ಅಚ್ಚು ಹಾಕಿದರೆ ಸಾವಿರ ಪುಟದ ಸಾವಿರಕ್ಕೂ ಹೆಚ್ಚು ಸಂಪುಟಗಳಾಗುತ್ತವೆ. ಇಂತಹ ಎರಡು ಪ್ರತಿಗಳು ನಮ್ಮಲ್ಲಿವೆ, ತಾಯಿಯಿಂದ ಒಂದು, ತಂದೆಯಿಂದ ಒಂದು. ಈ ಇಡೀ ಬರಹವೇ ಜೀನೋಮ್. ಅದರೊಳಗೆ ಒಂದು ಪ್ರೋಟೀನ್ ತಯಾರಿಸುವ ವಿಧಾನ ಹೇಳುವ ಭಾಗ ಜೀನ್. ಪ್ರೋಟೀನಿನ ವಿಧಾನ ಹೇಳುವ ಜೀನ್‌ಗಳು ಸುಮಾರು 20,000. ಅವುಗಳ ಪ್ರೋಟೀನ್ ಬರೆಯುವ ಭಾಗವನ್ನೆಲ್ಲ ಸೇರಿಸಿದರೂ ಒಟ್ಟು ಬರಹದ ಶೇ. 2ಕ್ಕಿಂತ ಕಡಿಮೆ.

ವಿಜ್ಞಾನಿಗಳು ಹೋಲಿಕೆಗೆ ಇಟ್ಟುಕೊಂಡಿರುವ ಮಾದರಿ ಜೀನೋಮ್ ಜೊತೆ ನಿಮ್ಮದನ್ನು ಇಟ್ಟು ನೋಡಿದರೆ 40ರಿಂದ 50 ಲಕ್ಷ ಜಾಗಗಳಲ್ಲಿ ವ್ಯತ್ಯಾಸ ಕಾಣುತ್ತದೆ. ಹೆಚ್ಚಿನವು ನಿರಪಾಯ. ಮೂಗಿನ ಆಕಾರ, ಮೈಬಣ್ಣದ ಹಾಗೆ ಮನುಷ್ಯ ಮನುಷ್ಯನ ನಡುವಿನ ಸಹಜ ಭೇದ. ಹೃದಯಕ್ಕೆ ಕೆಡುಕು ಮಾಡುವ ಒಂದು ಅಕ್ಷರವನ್ನು ಈ 50 ಲಕ್ಷದ ನಡುವಿನಿಂದ ಹೆಕ್ಕಿ ತೆಗೆಯುವುದೇ ಲ್ಯಾಬಿನ ಕೆಲಸ.

ಒಂದೇ ಜೀನಿನ ಕಾಯಿಲೆ, ಸಾವಿರ ಜೀನಿನ ಕಾಯಿಲೆ

ಎರಡನ್ನೂ "ವಂಶದಿಂದ ಬಂದದ್ದು" ಎನ್ನುವುದರಿಂದ ಇಲ್ಲಿ ಗೊಂದಲ ಹುಟ್ಟುತ್ತದೆ. ಹೃದಯದ ಸ್ನಾಯು ದಪ್ಪವಾಗುವ ಹೈಪರ್‌ಟ್ರೋಫಿಕ್ ಕಾರ್ಡಿಯೋಮಯೋಪಥಿ ಸುಮಾರು 500ರಲ್ಲಿ ಒಬ್ಬರಿಗಿದೆ. ಹುಟ್ಟಿನಿಂದಲೇ ಕೆಟ್ಟ ಕೊಲೆಸ್ಟರಾಲ್ ಏರಿರುವ ಫ್ಯಾಮಿಲಿಯಲ್ ಹೈಪರ್‌ಕೊಲೆಸ್ಟರೊಲೀಮಿಯಾ 250ರಿಂದ 300ರಲ್ಲಿ ಒಬ್ಬರಿಗೆ. ಹೃದಯದ ವಿದ್ಯುತ್ ಲಯ ಕೆಡುವ ದೀರ್ಘ ಕ್ಯೂಟಿ ಇವೆರಡಕ್ಕಿಂತ ಅಪರೂಪ. ಇವು ಹೆಚ್ಚಾಗಿ ಒಂದೇ ಜೀನಿನ ದೋಷದಿಂದ ಬರುತ್ತವೆ. ತಂದೆ ತಾಯಿಯಲ್ಲಿ ಒಬ್ಬರಿಗಿದ್ದರೆ ಪ್ರತಿ ಮಗುವಿಗೂ ಬರುವ ಸಾಧ್ಯತೆ ಅರ್ಧಕ್ಕರ್ಧ. ಜೀನ್ ಪರೀಕ್ಷೆಗೆ ಇಲ್ಲಿ ನಿಜವಾದ ಬೆಲೆಯಿದೆ.

ಐವತ್ತರ ಆಸುಪಾಸಿನಲ್ಲಿ ಬರುವ ಸಾಮಾನ್ಯ ಹೃದಯಾಘಾತದ ಕಥೆ ಬೇರೆ. ಅಲ್ಲಿ ನೂರಾರು, ಸಾವಿರಾರು ಜೀನ್ ವ್ಯತ್ಯಾಸಗಳು ಒಂದೊಂದು ಚಿಟಿಕೆಯಷ್ಟು ಭಾರ ಸೇರಿಸುತ್ತವೆ. ಉಳಿದ ಭಾರ ಬೀಡಿ ಸಿಗರೇಟು, ಬಿಪಿ, ಸಕ್ಕರೆ, ಕೊಲೆಸ್ಟರಾಲ್, ಹೊಟ್ಟೆಯ ಸುತ್ತಳತೆಯದ್ದು. 52 ದೇಶಗಳಲ್ಲಿ ನಡೆದು 2004ರಲ್ಲಿ ಪ್ರಕಟವಾದ ಇಂಟರ್‌ಹಾರ್ಟ್ ಅಧ್ಯಯನದಲ್ಲಿ, ಅಳೆಯಬಹುದಾದ ಒಂಬತ್ತು ಕಾರಣಗಳೇ ಮೊದಲ ಹೃದಯಾಘಾತದ ಅಪಾಯದ ಸುಮಾರು ಶೇ. 90ರಷ್ಟಕ್ಕೆ ಹೊಣೆ ಎಂದು ಕಂಡಿತು. ದಕ್ಷಿಣ ಏಷ್ಯಾದವರಿಗೆ ಸರಾಸರಿ 53ನೇ ವಯಸ್ಸಿಗೇ ಹೃದಯಾಘಾತ ಬರುತ್ತದೆ, ಉಳಿದವರಿಗಿಂತ ಐದಾರು ವರ್ಷ ಮೊದಲೇ ಎಂಬುದೂ ಅದೇ ಅಧ್ಯಯನದಿಂದ ತಿಳಿಯಿತು.

ಸಾವಿರ ಜೀನ್‌ಗಳ ಚಿಟಿಕೆ ಭಾರಗಳನ್ನು ಕೂಡಿಸಿ ಕೊಡುವ ಅಂಕವೂ ಈಗ ಇದೆ. ಆದರೆ ಅಂತಹ ಅಂಕಗಳನ್ನು ಬಹುಪಾಲು ಯುರೋಪ್ ಮೂಲದ ಜನರ ದತ್ತಾಂಶದಿಂದ ಕಟ್ಟಿದ್ದಾರೆ. ಕರಾವಳಿಯವರ ಮೇಲೆ ಅದನ್ನು ಹಾಗೆಯೇ ಹೇರಿದರೆ ಅಷ್ಟು ಸರಿಯಾಗಿ ಹೊಂದುವುದಿಲ್ಲ.

ಮೊದಲ ಕೆಲಸ: ಕುಟುಂಬದ ನಕ್ಷೆ

ತಂಡದಲ್ಲಿ ಮೊದಲು ಸಿಗುವವರು ವಂಶದ ಕಾಯಿಲೆಗಳ ಬಗ್ಗೆ ಕುಟುಂಬಕ್ಕೆ ಸಲಹೆ ಕೊಡುವ ಜೆನೆಟಿಕ್ ಕೌನ್ಸೆಲರ್. ಅವರ ಸಲಕರಣೆ ಒಂದು ಹಾಳೆ, ಒಂದು ಪೆನ್ಸಿಲ್. ಗಂಡಸಿಗೆ ಚೌಕ, ಹೆಂಗಸಿಗೆ ವೃತ್ತ. ಕಾಯಿಲೆ ಇದ್ದವರ ಗುರುತಿಗೆ ಕಪ್ಪು ತುಂಬಬೇಕು, ತೀರಿಹೋದವರ ಮೇಲೆ ಅಡ್ಡಗೆರೆ. ಕನಿಷ್ಠ ಮೂರು ತಲೆಮಾರು ಬೇಕು. ನನ್ನ ಲೆಕ್ಕದಲ್ಲಿ ಇಡೀ ಲ್ಯಾಬಿನ ಅತ್ಯಂತ ಬೆಲೆಬಾಳುವ ಕಾಗದ ಇದು.

ನಮ್ಮ ಕರಾವಳಿಯ ಜಿಲ್ಲೆಗಳಲ್ಲಿ ಇದಕ್ಕೊಂದು ವಿಶೇಷ ತೊಡಕಿದೆ. ಬಂಟರು, ಬಿಲ್ಲವರು, ಮೊಗವೀರರು ಮೊದಲಾದ ಅಳಿಯಸಂತಾನದ ಕುಟುಂಬಗಳಲ್ಲಿ ಬಳಿ, ಅಂದರೆ ಗೋತ್ರದ ಹಾಗಿನ ಕುಲದ ಹೆಸರು, ತಾಯಿಯಿಂದ ಬರುತ್ತದೆ. ನಾಗನಿಗೆ ತಂಬಿಲ, ದೈವಕ್ಕೆ ಕೋಲ ಎಂದಾಗ ಕುಟುಂಬದ ಮನೆಯಲ್ಲಿ ಸೇರುವುದು ತಾಯಿ ಕಡೆಯ ಬಂಧುಗಳು. ಹಾಗಾಗಿ ಸೋದರಮಾವಂದಿರು, ದೊಡ್ಡಮ್ಮ ಚಿಕ್ಕಮ್ಮಂದಿರ ವಿಷಯ ಕೇಳಿದರೆ ಮೂರು ತಲೆಮಾರು ಬಾಯಲ್ಲೇ ಬರುತ್ತದೆ. ಅಪ್ಪನ ಕಡೆ ಎಂದರೆ ಮಾತು ನಿಧಾನವಾಗುತ್ತದೆ. "ಅವರ ಕಡೆ ಒಬ್ಬರು ಬೊಂಬಾಯಿ ಹೋಟೆಲಲ್ಲಿ ಇದ್ದವರು, ರಾತ್ರಿ ಮಲಗಿದ್ದು ಎದ್ದಿಲ್ಲಂತೆ. ಪ್ರಾಯ ಗೊತ್ತಿಲ್ಲ ಮೇಡಂ." ಆ ಒಂದು ವಾಕ್ಯವೇ ಇಡೀ ನಕ್ಷೆಯ ಕೀಲಿಕೈ ಆಗಿರಬಹುದು. ಕೋಶಕೇಂದ್ರದ ಜೀನ್‌ಗೆ ಬಳಿ ಗೊತ್ತಿಲ್ಲ, ಅದು ತಂದೆ ತಾಯಿ ಇಬ್ಬರಿಂದಲೂ ಸಮಪಾಲು ಬರುತ್ತದೆ.

ಬಳಿಯ ಹಾಗೆಯೇ ನಡೆಯುವ ಡಿಎನ್‌ಎ ಒಂದಿದೆ. ಕೋಶಕ್ಕೆ ಶಕ್ತಿ ತಯಾರಿಸುವ ಮೈಟೋಕಾಂಡ್ರಿಯಾದೊಳಗಿನ 16,569 ಅಕ್ಷರಗಳ ಚಿಕ್ಕ ಡಿಎನ್‌ಎ ತಾಯಿಯಿಂದ ಮಾತ್ರ ಮಕ್ಕಳಿಗೆ ಹೋಗುತ್ತದೆ. ಗಂಡುಮಕ್ಕಳಿಗೂ ಬರುತ್ತದೆ, ಆದರೆ ಅವರಿಂದ ಮುಂದೆ ಹೋಗುವುದಿಲ್ಲ. ಅದರಲ್ಲಿ ದೋಷವಿದ್ದರೂ ಹೃದಯದ ಸ್ನಾಯು ಸೋಲಬಹುದು. ಅಂತಹ ಕಾಯಿಲೆಯನ್ನು ಬಳಿಯ ನಕ್ಷೆಯಲ್ಲೇ ಹಿಡಿಯಬಹುದು.

ಮದುವೆ ಸಂಬಂಧವನ್ನೂ ಕೇಳಲೇಬೇಕು. ಸೋದರಮಾವನ ಮಗಳು ಬೇರೆ ಬಳಿಯವಳು, ಆದ್ದರಿಂದ ಸಂಬಂಧಕ್ಕೆ ಅಡ್ಡಿಯಿಲ್ಲ ಎಂಬುದು ರೂಢಿ. ಆದರೆ ಇಬ್ಬರಿಗೂ ಅಜ್ಜ ಅಜ್ಜಿ ಒಂದೇ. ಅವರ ಮಗುವಿನಲ್ಲಿ ಸರಾಸರಿ 16ರಲ್ಲಿ ಒಂದು ಜೀನಿನ ಎರಡೂ ಪ್ರತಿಗಳು ಒಬ್ಬನೇ ಪೂರ್ವಜನಿಂದ ಬಂದಿರುತ್ತವೆ. ಎರಡೂ ಪ್ರತಿ ಕೆಟ್ಟರೆ ಮಾತ್ರ ಕಾಣಿಸಿಕೊಳ್ಳುವ ಕಾಯಿಲೆಗಳು ಆಗ ಮೇಲೆ ಬರುತ್ತವೆ. ಹುಟ್ಟು ಕಿವುಡುತನದ ಜೊತೆ ದೀರ್ಘ ಕ್ಯೂಟಿ ಇರುವ ಅಪರೂಪದ ಕಾಯಿಲೆ ಇದಕ್ಕೆ ಉದಾಹರಣೆ. ಕಿವುಡು ಮಗು ಆಗಾಗ ಪ್ರಜ್ಞೆ ತಪ್ಪಿ ಬೀಳುತ್ತಿದ್ದರೆ ತಡಮಾಡದೆ ಇಸಿಜಿ ತೆಗೆಸಬೇಕು.

"ಹಾರ್ಟಿನ ತೊಂದರೆ ಯಾರಿಗಾದರೂ ಇತ್ತೇ" ಎಂದು ಕೇಳಿ ಬಿಟ್ಟರೆ ನಕ್ಷೆ ಅರ್ಧವಾಗುತ್ತದೆ. ಅನುಭವಿ ಕೌನ್ಸೆಲರ್ ಕೇಳುವುದು ಬೇರೆ ಪ್ರಶ್ನೆಗಳನ್ನು. ಚೆನ್ನಾಗಿ ಈಜು ಬಲ್ಲವರು ಯಾರಾದರೂ ಹೊಳೆಯಲ್ಲಿ, ಕೆರೆಯಲ್ಲಿ ಮುಳುಗಿ ಹೋದದ್ದುಂಟೇ? ದೀರ್ಘ ಕ್ಯೂಟಿಯ ಒಂದನೇ ಬಗೆಯಲ್ಲಿ ಲಯ ತಪ್ಪಿಸುವ ಪ್ರಮುಖ ಪ್ರಚೋದನೆಗಳಲ್ಲಿ ಈಜು ಒಂದು. ಅಲಾರಾಂ ಅಥವಾ ಫೋನಿನ ಸದ್ದಿಗೆ ಬೆಚ್ಚಿ ಬಿದ್ದವರು? ಅದು ಎರಡನೇ ಬಗೆಯ ಲಕ್ಷಣ. ನಿದ್ದೆಯಲ್ಲೇ ಹೋದವರು? ಮೂರನೇ ಬಗೆ. ಫಿಟ್ಸ್ ಎಂದು ವರ್ಷಗಟ್ಟಲೆ ಮಾತ್ರೆ ತಿಂದವರು? ಲಯ ತಪ್ಪಿ ಮಿದುಳಿಗೆ ರಕ್ತ ನಿಂತಾಗಲೂ ಕೈಕಾಲು ಅದುರುತ್ತವೆ. ಹಿಮ್ಮಡಿಯ ಮೇಲಿನ ಸ್ನಾಯುರಜ್ಜು ಗಂಟುಗಂಟಾಗಿ ದಪ್ಪವಾದವರು? ಅದು ವಂಶಪಾರಂಪರ್ಯ ಕೊಲೆಸ್ಟರಾಲಿನ ಗುರುತು.

ನೇರಳೆ ಮುಚ್ಚಳದ ಟ್ಯೂಬು

ಡಿಎನ್‌ಎಗೆ ರಕ್ತವನ್ನು, ಹೆಪ್ಪುಗಟ್ಟದಂತೆ ತಡೆಯುವ ಇಡಿಟಿಎ ಇರುವ ನೇರಳೆ ಮುಚ್ಚಳದ ಟ್ಯೂಬಿನಲ್ಲಿ 3ರಿಂದ 5 ಮಿ.ಲೀ. ತೆಗೆಯುತ್ತಾರೆ. ಹಸಿರು ಮುಚ್ಚಳದಲ್ಲಿ ಹೆಪಾರಿನ್ ಇರುತ್ತದೆ, ಅದು ಮುಂದೆ ಡಿಎನ್‌ಎಯ ಪ್ರತಿ ಮಾಡುವ ಪಿಸಿಆರ್ ಪ್ರಕ್ರಿಯೆಗೆ ಅಡ್ಡಿ. ತೆಗೆದ ಕೂಡಲೇ ಟ್ಯೂಬನ್ನು ಎಂಟು ಹತ್ತು ಸಲ ಮೆಲ್ಲಗೆ ತಲೆಕೆಳಗು ಮಾಡಬೇಕು. ಮಾಡದಿದ್ದರೆ ರಕ್ತ ಹೆಪ್ಪುಗಟ್ಟುತ್ತದೆ, ಜೋರಾಗಿ ಕುಲುಕಿದರೆ ಕೋಶಗಳು ಒಡೆಯುತ್ತವೆ. ಕುಂದಾಪುರದಿಂದಲೋ ಬೆಳ್ತಂಗಡಿಯಿಂದಲೋ ಬರುವ ಟ್ಯೂಬು 4 ಡಿಗ್ರಿಯ ಪೆಟ್ಟಿಗೆಯಲ್ಲಿ ಬರಬೇಕು. ಮಂಜುಗಡ್ಡೆಗೆ ನೇರವಾಗಿ ತಾಗಿ ಮಂಜುಗಟ್ಟಲೂ ಬಾರದು, ಏಪ್ರಿಲ್ ಬಿಸಿಲಿನಲ್ಲಿ ಕಾರಿನೊಳಗೆ ಉಳಿಯಲೂ ಬಾರದು.

ಕೆಂಪು ರಕ್ತಕಣದಲ್ಲಿ ಕೋಶಕೇಂದ್ರವಿಲ್ಲ, ಬೇಕಾದ ಡಿಎನ್‌ಎ ಇರುವುದು ಬಿಳಿಕಣದಲ್ಲಿ. ಟೆಕ್ನೀಷಿಯನ್ 3 ಮಿ.ಲೀ. ರಕ್ತಕ್ಕೆ 9 ಮಿ.ಲೀ. ದ್ರಾವಣ ಸೇರಿಸಿ ಮೊದಲು ಕೆಂಪುಕಣಗಳನ್ನು ಒಡೆಯುತ್ತಾರೆ. ಸೆಂಟ್ರಿಫ್ಯೂಜಿನಲ್ಲಿ ತಿರುಗಿಸಿ ಕೆಂಪು ನೀರು ಚೆಲ್ಲಿದರೆ ತಳದಲ್ಲಿ ಅಕ್ಕಿಕಾಳಿನಷ್ಟು ಬೆಳ್ಳಗಿನ ಉಂಡೆ ಉಳಿಯುತ್ತದೆ. ಇದನ್ನು ಮತ್ತೊಮ್ಮೆ ತೊಳೆದು, ಸೋಪಿನ ಗುಣದ ಎಸ್‌ಡಿಎಸ್ ಹಾಕಿ ಕೋಶದ ಪೊರೆ ಕರಗಿಸುತ್ತಾರೆ. ಪ್ರೋಟಿನೇಸ್ ಕೆ ಎಂಬ ಕಿಣ್ವ 56 ಡಿಗ್ರಿಯಲ್ಲಿ ಪ್ರೋಟೀನುಗಳನ್ನು ಜೀರ್ಣ ಮಾಡುತ್ತದೆ, ಉಳಿದ ಪ್ರೋಟೀನನ್ನು ಗಾಢ ಉಪ್ಪು ಕೆಳಗಿಳಿಸುತ್ತದೆ. ಮೇಲಿನ ತಿಳಿಯನ್ನು ಬೇರೆ ಟ್ಯೂಬಿಗೆ ಬಗ್ಗಿಸಿ ಸಮಪ್ರಮಾಣದ ಐಸೊಪ್ರೊಪನಾಲ್ ಹಾಕಿ ಮೆಲ್ಲಗೆ ತಿರುಗಿಸಿದಾಗ, ಏನೂ ಇಲ್ಲದಂತಿದ್ದ ನೀರಿನಲ್ಲಿ ಬಿಳಿ ಎಳೆಗಳು ಮೂಡಿ ಒಂದಕ್ಕೊಂದು ಸುತ್ತಿಕೊಳ್ಳುತ್ತವೆ, ಆಗಷ್ಟೇ ಒತ್ತಿದ ಶ್ಯಾವಿಗೆಯ ಅತಿ ತೆಳು ಎಳೆಯ ಹಾಗೆ. ಬರಿಗಣ್ಣಿಗೆ ಕಾಣುವ ಡಿಎನ್‌ಎ ಅದು.

ಅದನ್ನು ಶೇ. 70ರ ಎಥನಾಲಿನಲ್ಲಿ ತೊಳೆದು ಒಣಗಿಸುವುದು ನಾಜೂಕಿನ ಹಂತ. ಕಡಿಮೆ ಒಣಗಿದರೆ ಉಳಿದ ಆಲ್ಕೋಹಾಲ್ ಮುಂದಿನ ಕಿಣ್ವಗಳನ್ನು ತಡೆಯುತ್ತದೆ, ಹೆಚ್ಚು ಒಣಗಿದರೆ ಎಳೆ ಮತ್ತೆ ಕರಗುವುದೇ ಇಲ್ಲ. ಆಷಾಢದ ಮಳೆಯಲ್ಲಿ ಮಂಗಳೂರಿನ ಗಾಳಿಯೇ ಒದ್ದೆ. ಗಡಿಯಾರ ನೋಡಿದರೆ ಸಾಲದು, ಎಳೆಯನ್ನೇ ನೋಡಿ ನಿರ್ಧರಿಸಬೇಕು. ಆಮೇಲೆ ಶುದ್ಧತೆಯ ಅಳತೆ: 260 ಮತ್ತು 280 ನ್ಯಾನೋಮೀಟರ್ ಬೆಳಕನ್ನು ಹೀರುವ ಪ್ರಮಾಣದ ಅನುಪಾತ 1.8ರ ಹತ್ತಿರ ಬರಬೇಕು. ಅದಕ್ಕಿಂತ ಕೆಳಗಿಳಿದರೆ ಪ್ರೋಟೀನ್ ಉಳಿದಿದೆ ಎಂದರ್ಥ.

ಇಷ್ಟೆಲ್ಲ ಸರಿಯಾಗಿ ಮಾಡಿದರೂ ಒಂದು ತಪ್ಪು ಎಲ್ಲವನ್ನೂ ಕೆಡಿಸುತ್ತದೆ: ಅಣ್ಣನ ಟ್ಯೂಬಿಗೆ ತಮ್ಮನ ಚೀಟಿ. ಪೆನ್ನಿನಲ್ಲಿ ಬರೆದ ಚೀಟಿ ಐಸ್‌ಪೆಟ್ಟಿಗೆಯ ನೀರಿಗೆ ಅಳಿಸಿಹೋಗುತ್ತದೆ, ಆದ್ದರಿಂದ ಅಚ್ಚಾದ ಬಾರ್‌ಕೋಡ್ ಬೇಕು. ಟ್ಯೂಬಿಗೆ ಚೀಟಿ ಅಂಟಿಸುವುದು ರಕ್ತ ಕೊಟ್ಟವರ ಎದುರಲ್ಲೇ, ಹೆಸರು ಕೇಳಿಯೇ ಆಗಬೇಕು. ದತ್ತಾಂಶ ಬಂದ ಮೇಲೂ ಒಂದು ಕಾವಲು ಇರುತ್ತದೆ. ಚೀಟಿಯಲ್ಲಿ ಹೆಂಗಸು ಎಂದಿದ್ದು ಡಿಎನ್‌ಎಯಲ್ಲಿ ವೈ ವರ್ಣತಂತು ಕಂಡರೆ, ಅಥವಾ ತಾಯಿ ಮಗ ಎಂದಿದ್ದವರ ಜೀನ್ ಅರ್ಧದಷ್ಟು ಹೊಂದದಿದ್ದರೆ ಕೆಲಸ ಅಲ್ಲಿಗೇ ನಿಲ್ಲುತ್ತದೆ.

ಓದುವ ಯಂತ್ರ, ಜಾಗ ಹುಡುಕುವ ಭಾಗವತರು

ಸಾಮಾನ್ಯವಾಗಿ ಬಳಸುವ ಸೀಕ್ವೆನ್ಸಿಂಗ್ ಯಂತ್ರ ಇಡೀ ಬರಹವನ್ನು ಉದ್ದಕ್ಕೆ ಓದಲಾರದು. ಡಿಎನ್‌ಎಯನ್ನು ಮುನ್ನೂರು ನಾನೂರು ಅಕ್ಷರಗಳ ಚೂರು ಮಾಡಿ, ತುದಿಗೆ ಗುರುತಿನ ಬಾಲ ಅಂಟಿಸಿ ಕೊಟ್ಟರೆ ಪ್ರತಿ ತುದಿಯಿಂದ ಸುಮಾರು 150 ಅಕ್ಷರ ಓದುತ್ತದೆ. ಒಂದೊಂದು ಜಾಗವನ್ನೂ ಸರಾಸರಿ 30 ಸಲ ಓದಬೇಕೆಂದರೆ 64 ಕೋಟಿ ಚಿಕ್ಕ ಓದುಗಳು ಬೇಕು.

ಈ ಚೂರುಗಳನ್ನು ಅವುಗಳ ಜಾಗದಲ್ಲಿ ಕೂರಿಸುವವರು ಕಂಪ್ಯೂಟರ್ ಬಲ್ಲ ಬಯೋಇನ್ಫರ್ಮ್ಯಾಟಿಕ್ಸ್ ಸದಸ್ಯರು. ಯಕ್ಷಗಾನದ ಪ್ರಸಂಗ ಬಾಯಿಪಾಠ ಇರುವ ಭಾಗವತರಿಗೆ ಪದ್ಯದ ಅರ್ಧ ಸಾಲು ಕೇಳಿದರೆ ಸಾಕು, ಯಾವ ಸನ್ನಿವೇಶದ್ದೆಂದು ಹೇಳಿಬಿಡುತ್ತಾರೆ. ಮಾದರಿ ಜೀನೋಮನ್ನು ಇಟ್ಟುಕೊಂಡ ತಂತ್ರಾಂಶ ಮಾಡುವುದೂ ಇದನ್ನೇ. ಒಂದು ಜಾಗದ 30 ಓದುಗಳಲ್ಲಿ 15ರ ಆಸುಪಾಸಿನಲ್ಲಿ ಬೇರೆ ಅಕ್ಷರ ಬಂದರೆ ತಂದೆ ತಾಯಿಯಲ್ಲಿ ಒಬ್ಬರಿಂದ ಬಂದ ವ್ಯತ್ಯಾಸ ಎನ್ನಬಹುದು. ಒಂದೆರಡರಲ್ಲಿ ಮಾತ್ರ ಕಂಡರೆ ಅದು ಹೆಚ್ಚಾಗಿ ಯಂತ್ರದ ತಪ್ಪು ಓದು.

ಆದರೆ ಪ್ರಸಂಗದಲ್ಲಿ ಹತ್ತು ಕಡೆ ಮರುಕಳಿಸುವ ಸಾಲು ಕೇಳಿದರೆ ಭಾಗವತರೂ ಯಾವ ಜಾಗದ್ದೆಂದು ಹೇಳಲಾರರು. ಹೃದಯಕ್ಕೆ ಮುಖ್ಯವಾದ ಎಲ್‌ಪಿಎ ಜೀನಿನಲ್ಲಿ ಹೀಗೆಯೇ ಒಂದು ಭಾಗ ಕೆಲವರಲ್ಲಿ ಕೆಲವೇ ಸಲ, ಕೆಲವರಲ್ಲಿ 40ಕ್ಕೂ ಹೆಚ್ಚು ಸಲ ಮರುಕಳಿಸುತ್ತದೆ. ಎಷ್ಟು ಸಲ ಎಂದು ಚಿಕ್ಕ ಓದುಗಳಿಂದ ಎಣಿಸುವುದು ಕಷ್ಟ. ಮರುಕಳಿಕೆ ಕಡಿಮೆ ಇದ್ದಷ್ಟೂ ರಕ್ತದಲ್ಲಿ ಕೊಲೆಸ್ಟರಾಲ್ ಹೊರುವ ಕಣವಾದ ಲಿಪೊಪ್ರೋಟೀನ್ ಎ ಹೆಚ್ಚು, ಹೃದಯಾಘಾತದ ಅಪಾಯವೂ ಹೆಚ್ಚು. ಸಮಾಧಾನದ ವಿಷಯವೆಂದರೆ ಇದಕ್ಕೆ ಜೀನ್ ಪರೀಕ್ಷೆಯೇ ಬೇಡ. ರಕ್ತದಲ್ಲಿ ಲಿಪೊಪ್ರೋಟೀನ್ ಎ ಎಷ್ಟಿದೆ ಎಂದು ಜೀವಮಾನದಲ್ಲಿ ಒಮ್ಮೆ ಅಳೆಸಿದರೆ ಸಾಕು. ಡೆಸಿಲೀಟರಿಗೆ 50 ಮಿಲಿಗ್ರಾಂ ದಾಟಿದ್ದರೆ ಹೆಚ್ಚು ಎಂದರ್ಥ. ಮನೆಯಲ್ಲಿ ಎಳೆಯ ವಯಸ್ಸಿನ ಹೃದಯಾಘಾತ ಇದ್ದವರು ಯಾವ ಜೀನ್ ಪರೀಕ್ಷೆಗೂ ಮೊದಲು ಇದನ್ನು ಮಾಡಿಸಿಕೊಳ್ಳುವುದು ಒಳ್ಳೆಯದು.

ದೋಷವೋ, ಬರೀ ವ್ಯತ್ಯಾಸವೋ

50 ಲಕ್ಷ ವ್ಯತ್ಯಾಸಗಳನ್ನು ಜರಡಿ ಹಿಡಿಯುವ ಮೊದಲ ಜಾಲರಿ ಸರಳವಾದದ್ದು: ಜನಸಮುದಾಯದಲ್ಲಿ ಸಾಮಾನ್ಯವಾಗಿ ಕಾಣುವ ವ್ಯತ್ಯಾಸ ಅಪರೂಪದ ಕಾಯಿಲೆಯ ಏಕೈಕ ಕಾರಣ ಆಗಿರಲಾರದು. ಹೀಗೆಂದ ಮೇಲೆ ಯಾವ ಜನಸಮುದಾಯ ಎಂಬ ಪ್ರಶ್ನೆ ಬರುತ್ತದೆ. ಹೃದಯಸ್ನಾಯುವಿನ ಎಂವೈಬಿಪಿಸಿ3 ಜೀನಿನಲ್ಲಿ 25 ಅಕ್ಷರ ಅಳಿದುಹೋದ ಒಂದು ವ್ಯತ್ಯಾಸವಿದೆ. ಅದು ಹೃದಯಸ್ನಾಯು ಸೋಲುವ ಅಪಾಯವನ್ನು ಹೆಚ್ಚಿಸುತ್ತದೆ ಎಂದು ಹೈದರಾಬಾದಿನ ಸಿಸಿಎಂಬಿ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳೂ ಸೇರಿದ್ದ ತಂಡ 2009ರಲ್ಲಿ ವರದಿ ಮಾಡಿತು. ದಕ್ಷಿಣ ಏಷ್ಯಾ ಮೂಲದವರಲ್ಲಿ ಸುಮಾರು ಶೇ. 4ರಷ್ಟು ಮಂದಿಯಲ್ಲಿ ಇದಿದೆ, ಯುರೋಪಿನವರಲ್ಲಿ ತೀರಾ ಅಪರೂಪ. ಯುರೋಪಿನ ಪಟ್ಟಿ ಮಾತ್ರ ನೋಡುವವರಿಗೆ ಇದು "ಅತಿ ವಿರಳ, ಆದ್ದರಿಂದ ಅಪಾಯಕಾರಿ" ಎಂದು ಕಾಣುತ್ತದೆ. ನಮ್ಮವರ ಪಟ್ಟಿ ನೋಡಿದವರಿಗೆ, ಇದಿರುವ ಹೆಚ್ಚಿನವರು ಕಾಯಿಲೆಯಿಲ್ಲದೆ ಬಾಳುತ್ತಿದ್ದಾರೆ, ಇದು ಅಪಾಯದ ಒಂದು ಅಂಶ ಅಷ್ಟೇ ಎಂದು ತಿಳಿಯುತ್ತದೆ. ಜೀನೋಮ್ ಇಂಡಿಯಾ ಯೋಜನೆಯ ಸುಮಾರು 10,000 ಭಾರತೀಯರ ದತ್ತಾಂಶ 2025ರ ಜನವರಿಯಲ್ಲಿ ಸಂಶೋಧಕರಿಗೆ ತೆರೆದದ್ದು ಇದಕ್ಕಾಗಿಯೇ ಮುಖ್ಯ.

ಜರಡಿಯಲ್ಲಿ ಉಳಿದ ಬೆರಳೆಣಿಕೆಯ ವ್ಯತ್ಯಾಸಗಳನ್ನು 2015ರಿಂದ ಚಾಲ್ತಿಯಲ್ಲಿರುವ ನಿಯಮದಂತೆ ಐದು ಗುಂಪು ಮಾಡುತ್ತಾರೆ: ರೋಗಕಾರಕ, ಬಹುಶಃ ರೋಗಕಾರಕ, ಅರ್ಥ ಅನಿಶ್ಚಿತ, ಬಹುಶಃ ನಿರಪಾಯ, ನಿರಪಾಯ. ಜನರನ್ನು ಹೆಚ್ಚು ಕಂಗೆಡಿಸುವುದು ನಡುವಿನದು. ಅನಿಶ್ಚಿತ ಎಂದರೆ ಅರ್ಧ ಅಪಾಯ ಎಂದಲ್ಲ, ತೀರ್ಮಾನಕ್ಕೆ ಸಾಕ್ಷಿ ಸಾಲದು ಎಂದರ್ಥ. ಅದರ ಆಧಾರದಲ್ಲಿ, ಲಯ ತಪ್ಪಿದಾಗ ಶಾಕ್ ಕೊಡುವ ಡಿಫಿಬ್ರಿಲೇಟರ್ ಹಾಕಿಸುವುದಾಗಲಿ, ಮದುವೆ ತಪ್ಪಿಸುವುದಾಗಲಿ ಮಾಡಬಾರದು.

ಸಾಕ್ಷಿ ಕೂಡಿಸಲು ಮತ್ತೆ ಕುಟುಂಬದ ನಕ್ಷೆಗೇ ಬರಬೇಕು. ಕಾಯಿಲೆ ಇರುವ ಐದು ಬಂಧುಗಳಿಗೂ, ಪ್ರತಿ ಸಲ ಅರ್ಧಕ್ಕರ್ಧ ಸಾಧ್ಯತೆಯ ನಡುವೆ, ಅದೇ ವ್ಯತ್ಯಾಸ ಬಂದಿದ್ದರೆ ಅದು ಆಕಸ್ಮಿಕವಾಗಿರುವ ಸಾಧ್ಯತೆ 32ರಲ್ಲಿ ಒಂದು. ಆರೋಗ್ಯವಂತ ಎಂಬತ್ತರ ಅಜ್ಜನಲ್ಲೂ ಅದೇ ಕಂಡರೆ ಅನುಮಾನ ಇನ್ನೊಂದು ದಿಕ್ಕಿಗೆ ವಾಲುತ್ತದೆ. ಆದ್ದರಿಂದಲೇ ದುಬೈಯಲ್ಲಿರುವ ತಮ್ಮನೂ ಮುಂಬೈಯಲ್ಲಿರುವ ಚಿಕ್ಕಪ್ಪನೂ ಒಂದು ಟ್ಯೂಬು ರಕ್ತ ಕೊಟ್ಟರೆ ಇಲ್ಲಿನ ಒಬ್ಬರ ವರದಿಯ ಅರ್ಥವೇ ಬದಲಾಗಬಹುದು.

ತಟ್ಟೆಯಲ್ಲಿ ಬಡಿಯುವ ಕೋಶ

ಕುಟುಂಬ ಚಿಕ್ಕದಿದ್ದರೆ ಜೀವಕೋಶ ತಜ್ಞರ ಸರದಿ. ದೇಹದ ಬೆಳೆದ ಕೋಶವನ್ನೇ, ಯಾವ ಬಗೆಯ ಕೋಶವಾಗಿಯೂ ಬೆಳೆಯಬಲ್ಲ ಮೂಲಕೋಶವಾಗಿ ತಿರುಗಿಸುವ ವಿಧಾನವನ್ನು ಜಪಾನಿನ ವಿಜ್ಞಾನಿ ಶಿನ್ಯ ಯಮನಾಕ 2006ರಲ್ಲಿ ಇಲಿಯ ಕೋಶಗಳಲ್ಲಿ, ಮರುವರ್ಷ ಮನುಷ್ಯನ ಕೋಶಗಳಲ್ಲಿ ತೋರಿಸಿದರು, 2012ರಲ್ಲಿ ನೊಬೆಲ್ ಪಡೆದರು. ರೋಗಿಯ ರಕ್ತಕೋಶದಿಂದ ಹೀಗೆ ಮಾಡಿದ ಮೂಲಕೋಶಕ್ಕೆ ಸರಿಯಾದ ದಿನ ಸರಿಯಾದ ರಾಸಾಯನಿಕ ಸೂಚನೆ ಕೊಟ್ಟರೆ ಎಂಟರಿಂದ ಹನ್ನೆರಡು ದಿನದೊಳಗೆ ತಟ್ಟೆಯಲ್ಲಿ ಹೃದಯಕೋಶಗಳು ತಾವಾಗಿ ಬಡಿಯತೊಡಗುತ್ತವೆ. ಹೋಲಿಕೆಗಾಗಿ ಅದೇ ರೋಗಿಯ ಕೋಶದಲ್ಲಿ ಅದೊಂದೇ ಅಕ್ಷರವನ್ನು ಜೀನ್ ತಿದ್ದುವ ಕ್ರಿಸ್ಪರ್ ತಂತ್ರದಿಂದ ಸರಿಪಡಿಸಿ ಪಕ್ಕದ ತಟ್ಟೆಯಲ್ಲಿ ಬೆಳೆಸುತ್ತಾರೆ. ಎರಡರ ಬಡಿತದಲ್ಲಿ ಭೇದ ಕಂಡರೆ ಅದು ಆ ಅಕ್ಷರದ್ದೇ ಕೆಲಸ. ಈ ಕೋಶಗಳು ಭ್ರೂಣದ ಹೃದಯದಷ್ಟೇ ಎಳೆಯವು, ಐವತ್ತರ ಹೃದಯವನ್ನು ಪೂರ್ತಿ ಹೋಲುವುದಿಲ್ಲ ಎಂಬ ಮಿತಿಯೂ ಇದೆ.

ಇಷ್ಟು ಶ್ರಮಕ್ಕೆ ಫಲ ಏನು ಎಂದರೆ ಪಿಸಿಎಸ್‌ಕೆ9 ಜೀನಿನ ಇತಿಹಾಸ ನೋಡಬಹುದು. ಅತಿ ಕೊಲೆಸ್ಟರಾಲಿನ ಫ್ರೆಂಚ್ ಕುಟುಂಬಗಳಲ್ಲಿ ಈ ಜೀನನ್ನು ಅತಿಯಾಗಿ ಕೆಲಸ ಮಾಡಿಸುವ ದೋಷ ಕಂಡದ್ದು 2003ರಲ್ಲಿ. ಇದಕ್ಕೆ ವಿರುದ್ಧವಾಗಿ, ಇದೇ ಜೀನಿನ ಒಂದು ಪ್ರತಿ ಕೆಲಸ ನಿಲ್ಲಿಸಿದ ಕೆಲವು ಆಫ್ರಿಕನ್ ಅಮೆರಿಕನ್ನರಲ್ಲಿ ಕೆಟ್ಟ ಕೊಲೆಸ್ಟರಾಲ್ ಶೇ. 28ರಷ್ಟು, ಹೃದ್ರೋಗ ಶೇ. 88ರಷ್ಟು ಕಡಿಮೆ ಇದ್ದದ್ದು 2006ರಲ್ಲಿ ಗೊತ್ತಾಯಿತು. ಅಂದರೆ ಈ ಜೀನಿನ ಪ್ರೋಟೀನನ್ನು ತಡೆದರೆ ಹೃದಯಕ್ಕೆ ಒಳಿತು. ಹಾಗೆ ತಡೆಯುವ ಚುಚ್ಚುಮದ್ದುಗಳಿಗೆ 2015ರಲ್ಲಿ ಅಮೆರಿಕ, ಯುರೋಪಿನಲ್ಲಿ ಒಪ್ಪಿಗೆ ಸಿಕ್ಕಿತು.

ಪರೀಕ್ಷೆ ಯಾರಿಗೆ, ಯಾರಿಂದ ಶುರು

ಪರೀಕ್ಷೆ ಶುರುವಾಗಬೇಕಾದದ್ದು ಕಾಯಿಲೆ ಇರುವವರಿಂದ. ಭಯಪಟ್ಟ ಆರೋಗ್ಯವಂತರು ಮೊದಲು ಮಾಡಿಸಿ "ಏನೂ ಇಲ್ಲ" ಎಂದು ಬಂದರೆ ಅದರಿಂದ ನಿಶ್ಚಿಂತರಾಗುವಂತಿಲ್ಲ. ಸ್ನಾಯು ದಪ್ಪವಾದ ರೋಗಿಗಳಲ್ಲೇ ಸುಮಾರು ಅರ್ಧದಷ್ಟು ಮಂದಿಯಲ್ಲಿ ಕಾರಣದ ಜೀನ್ ಸಿಗುವುದಿಲ್ಲ. ರೋಗಿಯಲ್ಲಿ ರೋಗಕಾರಕ ವ್ಯತ್ಯಾಸ ಖಚಿತವಾದ ಮೇಲೆ ಮಾತ್ರ ಉಳಿದವರಲ್ಲಿ ಆ ಒಂದೇ ಅಕ್ಷರವನ್ನು ಹುಡುಕಿದರೆ ಇದೆ ಅಥವಾ ಇಲ್ಲ ಎಂಬ ನಿಖರ ಉತ್ತರ ಬರುತ್ತದೆ. ಇಲ್ಲ ಎಂದಾದವರು ವರ್ಷ ವರ್ಷ ಎಕೋ (ಹೃದಯದ ಸ್ಕ್ಯಾನ್) ಮಾಡಿಸುವುದರಿಂದ ಪಾರು. ರೋಗಿಯಲ್ಲಿ ಏನೂ ಸಿಗದಿದ್ದರೆ ಹತ್ತಿರದ ಬಂಧುಗಳಿಗೆ ಇಸಿಜಿ, ಎಕೋ ತಪಾಸಣೆಯೇ ದಾರಿ.

ಸಂಶೋಧನಾ ಲ್ಯಾಬಿನಲ್ಲಿ ಸಿಕ್ಕಿದ ಫಲಿತಾಂಶವನ್ನು ಹೊಸದಾಗಿ ತೆಗೆದ ರಕ್ತದಿಂದ, ಮಾನ್ಯತೆ ಪಡೆದ ರೋಗನಿರ್ಣಯ ಲ್ಯಾಬಿನಲ್ಲಿ ಮತ್ತೆ ಖಚಿತಪಡಿಸಿಕೊಂಡ ಮೇಲಷ್ಟೇ ಚಿಕಿತ್ಸೆಗೆ ಬಳಸಬೇಕು. ಸಹಿ ಹಾಕುವ ಒಪ್ಪಿಗೆ ಪತ್ರದಲ್ಲಿ ಮೂರು ಸಂಗತಿ ನೋಡಿಕೊಳ್ಳಿ: ಫಲಿತಾಂಶ ನಿಮಗೆ ತಿಳಿಸುತ್ತಾರೆಯೇ, ಹುಡುಕದೆ ಸಿಕ್ಕ ಬೇರೆ ಕಾಯಿಲೆಯ ಸುಳಿವನ್ನೂ ಹೇಳುತ್ತಾರೆಯೇ, ಉಳಿದ ಡಿಎನ್‌ಎ ಏನಾಗುತ್ತದೆ. ಯಾವಾಗ ಬೇಕಾದರೂ ಹಿಂದೆ ಸರಿಯುವ ಹಕ್ಕು ನಿಮಗಿದೆ. ಮಕ್ಕಳ ವಿಷಯದಲ್ಲಿ, ಚಿಕಿತ್ಸೆ ಬಾಲ್ಯದಲ್ಲೇ ಶುರುವಾಗುವ ದೀರ್ಘ ಕ್ಯೂಟಿ, ವಂಶಪಾರಂಪರ್ಯ ಕೊಲೆಸ್ಟರಾಲಿನಂತಹವಕ್ಕೆ ಪರೀಕ್ಷೆ ತಡ ಮಾಡಬಾರದು. ಅಂತಹ ಕೊಲೆಸ್ಟರಾಲ್ ಇರುವ ಮಕ್ಕಳಿಗೆ ಎಂಟು ಹತ್ತು ವರ್ಷದಿಂದಲೇ ಮಾತ್ರೆ ಶುರುಮಾಡುವುದುಂಟು.

ಮನೆಯಲ್ಲಿ ಎಳೆಯವರು ಹಠಾತ್ತಾಗಿ ತೀರಿಕೊಂಡು ಮರಣೋತ್ತರ ಪರೀಕ್ಷೆ ನಡೆಯುವಾಗ, ಆ ದುಃಖದಲ್ಲಿ ಕೇಳುವುದು ಕಷ್ಟವೇ. ಆದರೂ 5 ಮಿ.ಲೀ. ರಕ್ತವನ್ನು ಇಡಿಟಿಎ ಟ್ಯೂಬಿನಲ್ಲಿ ತೆಗೆದಿಡಲು ಸಾಧ್ಯವೇ ಎಂದು ವೈದ್ಯರಲ್ಲಿ ಕೇಳಿ. ಫಾರ್ಮಲಿನ್‌ನಲ್ಲಿಟ್ಟ ಅಂಗಾಂಶದ ಡಿಎನ್‌ಎ ತುಂಡುತುಂಡಾಗಿ ಕೆಡುತ್ತದೆ, ರಕ್ತದ್ದು ಉಳಿಯುತ್ತದೆ. ಉಳಿದ ಮಕ್ಕಳ ಪರೀಕ್ಷೆಗೆ ಅದಕ್ಕಿಂತ ದೊಡ್ಡ ಆಧಾರವಿಲ್ಲ.

ಮಣಿಪಾಲದ ಕಸ್ತೂರ್ಬಾ ವೈದ್ಯಕೀಯ ಕಾಲೇಜಿನಲ್ಲಿ ವೈದ್ಯಕೀಯ ತಳಿವಿಜ್ಞಾನಕ್ಕೆಂದೇ ವಿಭಾಗವಿದೆ. ಅಲ್ಲಿಗೋ ನಿಮ್ಮ ಹೃದ್ರೋಗ ತಜ್ಞರಲ್ಲಿಗೋ ಮೊದಲ ಸಲ ಹೋಗುವಾಗ ಹಳೆಯ ಇಸಿಜಿ, ಎಕೋ, ಕೊಲೆಸ್ಟರಾಲ್ ವರದಿಗಳ ಜೊತೆ ಮನೆಯಲ್ಲೇ ಬರೆದ ನಕ್ಷೆಯೊಂದು ಇರಲಿ. ತಾಯಿ ಕಡೆಯದ್ದು ಒಂದು ಬದಿ, ತಂದೆ ಕಡೆಯದ್ದು ಇನ್ನೊಂದು ಬದಿ, ಪ್ರತಿಯೊಬ್ಬರ ಎದುರು ತೀರಿಕೊಂಡ ಪ್ರಾಯ ಮತ್ತು ಹೇಗೆ ಎಂಬುದು. ತಂದೆ ಕಡೆಯ ಹಿರಿಯರು ಯಾರಾದರೂ ಇದ್ದರೆ ಹೊರಡುವ ಮುನ್ನ ಅವರಿಗೊಂದು ಫೋನ್ ಮಾಡಿ. ಗೊತ್ತಾಗದೆ ಉಳಿದ ಜಾಗಗಳನ್ನು ಊಹಿಸಿ ತುಂಬಬೇಡಿ, ಖಾಲಿ ಬಿಡಿ. ಮುಂದೆ ಯಾರನ್ನು ಕೇಳಬೇಕು ಎಂಬುದು ಕೌನ್ಸೆಲರಿಗೆ ಆ ಖಾಲಿ ಚೌಕಗಳಿಂದಲೇ ತಿಳಿಯುತ್ತದೆ.